ಕುಣಿತ ಕಂಡಿತು, ಕಾರಣ ಕಾಣಲಿಲ್ಲ

2016ರ ಆಗಸ್ಟ್ 15ರಂದು ನಮ್ಮ ದೇಶ ಸ್ವಾತಂತ್ರ್ಯೋತ್ಸವದ ಜೊತೆಯಲ್ಲೇ ದೀಪಾ ಕರ್ಮಾಕರ್ ಅವರ ಸಾಹಸವನ್ನೂ ಮೆಲುಕು ಹಾಕುತ್ತಿತ್ತು. ರಿಯೊ ಒಲಿಂಪಿಕ್ಸ್‌ನಲ್ಲಿ ಕೇವಲ 0.15 ಅಂಕದಿಂದ ಅವರಿಗೆ ಕಂಚು ಕೈತಪ್ಪಿದ ಸಂಕಟ ಎಲ್ಲರ ಬಾಯಲ್ಲಿತ್ತು. ಅದೇ ದಿನ ಅದೇ ಊರಿನಲ್ಲಿ, ಪುರುಷರ 105 ಕಿಲೊ ವಿಭಾಗದ ವೇಟ್‌ಲಿಫ್ಟಿಂಗ್‌ನಲ್ಲಿ, ಪದಕದ ಸನಿಹಕ್ಕೂ ಬಾರದ ಸ್ಪರ್ಧಿಯೊಬ್ಬರು ಭಾರವನ್ನು ಕೆಳಗಿಟ್ಟು ವೇದಿಕೆಯ ಮೇಲೆಯೇ ಕುಣಿಯತೊಡಗಿದರು. ಸೋತವನು ತಲೆ ತಗ್ಗಿಸಿ ಹೊರನಡೆಯುವುದು ಕ್ರೀಡಾಂಗಣದ ರೂಢಿ. ಈ ಸ್ಥೂಲಕಾಯದ ಮನುಷ್ಯ ಸೊಂಟ ತಿರುಗಿಸುತ್ತ, ಮುಖದ ತುಂಬ ನಗು ಹೊತ್ತು ನಿರ್ಗಮಿಸಿದ್ದು ಪ್ರೇಕ್ಷಕರಿಗೆ ಹಿಡಿಸಿತು. ಆ ದೃಶ್ಯ ಕೆಲವೇ ಗಂಟೆಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. 'ಕುಣಿಯುವ ವೇಟ್‌ಲಿಫ್ಟರ್' ಎಂಬ ಬಿರುದೂ ಅವರಿಗೆ ದಕ್ಕಿತು.

ಅವರ ಹೆಸರು ಡೇವಿಡ್ ಕಟೊಅಟಾವ್. ದೇಶ ಕಿರಿಬಾಸ್. ತಮ್ಮ ದೇಶ ಎಲ್ಲಿದೆ ಎಂಬುದು ಬಹುತೇಕ ಜನರಿಗೆ ಗೊತ್ತೇ ಇಲ್ಲ, ಏರುತ್ತಿರುವ ಕಡಲಿನಿಂದ ಅದಕ್ಕೆ ಒದಗಿರುವ ಕುತ್ತು ಇನ್ನೂ ಕಡಿಮೆ ಜನರಿಗೆ ಗೊತ್ತು. ಅದನ್ನು ತಿಳಿಸಲಿಕ್ಕಾಗಿಯೇ ತಾನು ಭಾರ ಎತ್ತುತ್ತೇನೆ, ಅದಕ್ಕಾಗಿಯೇ ಕುಣಿಯುತ್ತೇನೆ ಎಂದು ಅವರು ಪತ್ರಕರ್ತರಿಗೆ ವಿವರಿಸಿದರು. ಆ ವಿವರಣೆ ವರದಿಗಳ ಕೊನೆಯ ಸಾಲುಗಳಲ್ಲಿ ಬಂತು. ಕುಣಿತದ ಚಿತ್ರ ಮಾತ್ರ ಎಲ್ಲ ಕಡೆ ಮೇಲ್ಭಾಗದಲ್ಲಿತ್ತು.

ನಮ್ಮ ಪತ್ರಿಕೆಗಳು ಆ ದೇಶದ ಹೆಸರನ್ನು ಸಾಮಾನ್ಯವಾಗಿ 'ಕಿರಿಬಾಟಿ' ಎಂದು ಬರೆಯುತ್ತವೆ. ಆ ಜನರ ಭಾಷೆಯ ಲಿಪಿಯಲ್ಲಿ 'ಸ' ಧ್ವನಿಗೆ ಪ್ರತ್ಯೇಕ ಅಕ್ಷರವಿಲ್ಲ. 'ಟಿ' ಎಂದು ಬರೆದದ್ದನ್ನೇ 'ಸ್' ಎಂದು ಓದುತ್ತಾರೆ. ಬ್ರಿಟಿಷರು ಇಟ್ಟುಕೊಂಡಿದ್ದ 'ಗಿಲ್ಬರ್ಟ್ಸ್' ಎಂಬ ಹೆಸರು ಅವರ ನಾಲಿಗೆಯಲ್ಲಿ ಹೊರಳಿ 'ಕಿರಿಬಾಸ್' ಆಯಿತು. ನಮ್ಮ 'ಕಿರಿ' ಎಂಬ ಪದಕ್ಕೂ ಇದಕ್ಕೂ ನಂಟಿಲ್ಲ, ಆದರೂ ಆಕಸ್ಮಿಕ ಅರ್ಥಪೂರ್ಣವಾಗಿಯೇ ಇದೆ. ಮೂವತ್ತಮೂರು ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೂ ಸುಮಾರು 811 ಚದರ ಕಿಲೊಮೀಟರ್. ಬೆಂಗಳೂರು ನಗರದ ವಿಸ್ತೀರ್ಣಕ್ಕೆ ಹೆಚ್ಚುಕಡಿಮೆ ಸಮ. ಜನಸಂಖ್ಯೆ ಸುಮಾರು 1.2 ಲಕ್ಷ. ಆದರೆ ಆ ದ್ವೀಪಗಳು ಹರಡಿಕೊಂಡಿರುವ ಮತ್ತು ಆ ದೇಶದ ಹಕ್ಕಿಗೆ ಒಳಪಟ್ಟಿರುವ ಕಡಲು ಭಾರತದ ಇಡೀ ಭೂವಿಸ್ತೀರ್ಣಕ್ಕಿಂತ ದೊಡ್ಡದು. ಅದನ್ನು 'ಸಣ್ಣ ದೇಶ' ಎನ್ನುವುದೋ ಬಿಡುವುದೋ ನೆಲವನ್ನು ಅಳೆಯುತ್ತೀರೋ ನೀರನ್ನೋ ಎಂಬುದರ ಮೇಲೆ ನಿಂತಿದೆ.

1979ರಲ್ಲಿ ಸ್ವತಂತ್ರವಾದ ಈ ದೇಶ ಒಲಿಂಪಿಕ್ಸ್‌ಗೆ ಮೊದಲು ಬಂದದ್ದು 2004ರಲ್ಲಿ, ಅಥೆನ್ಸ್‌ಗೆ. ಬಂದವರು ಮೂವರು. ಅಲ್ಲಿಂದೀಚೆಗೆ ಪ್ರತಿ ಬಾರಿಯೂ ಇಬ್ಬರು ಅಥವಾ ಮೂವರು. 2024ರ ಪ್ಯಾರಿಸ್‌ನಲ್ಲೂ ಮೂವರೇ: ಓಟಕ್ಕೊಬ್ಬರು, ಜೂಡೊಗೊಬ್ಬರು, ವೇಟ್‌ಲಿಫ್ಟಿಂಗ್‌ಗೊಬ್ಬರು. ಇವರಾರಿಗೂ ಪದಕ ಬಂದಿಲ್ಲ. ಬಹುಪಾಲು ಸ್ಪರ್ಧಿಗಳು ಅರ್ಹತಾ ಮಟ್ಟವನ್ನು ಮುಟ್ಟಿ ಬಂದವರೂ ಅಲ್ಲ. ಎಲ್ಲ ದೇಶಗಳ ಪ್ರಾತಿನಿಧ್ಯ ಇರಬೇಕೆಂಬ ನಿಯಮದಡಿ ಮೀಸಲಾದ ಸ್ಥಾನಗಳಲ್ಲಿ ಪ್ರವೇಶ ಪಡೆದವರು.

ಈ ಮೀಸಲು ಸ್ಥಾನಗಳ ವಿರುದ್ಧ ಆಕ್ಷೇಪಗಳಿವೆ. ಒಲಿಂಪಿಕ್ಸ್ ಜಗತ್ತಿನ ಶ್ರೇಷ್ಠರ ಸ್ಪರ್ಧೆ. ಮೊದಲ ಸುತ್ತಿನಲ್ಲೇ ಹೊರಬೀಳುವ ಓಟಗಾರನಿಗೆ ಅಲ್ಲೇನು ಕೆಲಸ, ಅವನಿಂದ ಅರ್ಹನೊಬ್ಬನ ಅವಕಾಶ ತಪ್ಪುವುದಿಲ್ಲವೇ ಎಂಬುದು ವಾದ. ಕೇಳಲು ನ್ಯಾಯವೆನಿಸುವ ಈ ಮಾತು ಒಳಗಿನಿಂದ ಟೊಳ್ಳು. ನೂರು ಮೀಟರ್ ಓಟದಲ್ಲಿ ಇಂಥವರಿಗಾಗಿ ಪ್ರತ್ಯೇಕ ಪ್ರಾಥಮಿಕ ಸುತ್ತೇ ಇದೆ. ಅಲ್ಲಿ ಗೆದ್ದರಷ್ಟೇ ಅವರು ಘಟಾನುಘಟಿಗಳ ಜೊತೆ ಓಡುತ್ತಾರೆ. ಇನ್ನು ಶ್ರೇಷ್ಠರ ಮಾತು. ಅಥ್ಲೆಟಿಕ್ಸ್‌ನ ವೈಯಕ್ತಿಕ ಸ್ಪರ್ಧೆಯೊಂದಕ್ಕೆ ಒಂದು ದೇಶದಿಂದ ಮೂವರಿಗಿಂತ ಹೆಚ್ಚು ಜನ ಬರುವಂತಿಲ್ಲ. ಕೆನ್ಯಾದ ನಾಲ್ಕನೆಯ ಮ್ಯಾರಥಾನ್ ಓಟಗಾರ ಜಗತ್ತಿನ ಹತ್ತು ಮಂದಿಯಲ್ಲಿ ಒಬ್ಬನಾಗಿದ್ದರೂ ಮನೆಯಲ್ಲೇ ಕೂರಬೇಕು. ಅಂದರೆ ಈ ಕೂಟ ಬರೀ ಶ್ರೇಷ್ಠರ ಕೂಟವಾಗಿ ಎಂದೂ ಇರಲಿಲ್ಲ. ಅದು ದೇಶಗಳ ಕೂಟ. ದೇಶಗಳ ಲೆಕ್ಕ ಹಾಕಿ ದೊಡ್ಡವರ ಪದಕಪಟ್ಟಿಯನ್ನು ಪ್ರಕಟಿಸುವಾಗ ಬಾರದ ಸಂಕೋಚ, ಅದೇ ಲೆಕ್ಕದಲ್ಲಿ ಚಿಕ್ಕವರಿಗೆ ಮೂರು ಸ್ಥಾನ ಕೊಡುವಾಗ ಏಕೆ ಬರಬೇಕು?

ಈ ವಿಚಾರದಲ್ಲಿ ನಾವು ಭಾರತೀಯರು ತುಸು ವಿನಯದಿಂದ ಮಾತನಾಡಬೇಕು. 1952ರಲ್ಲಿ ಕೆ.ಡಿ. ಜಾಧವ್ ಗೆದ್ದ ಕಂಚಿನ ನಂತರ ಮತ್ತೊಂದು ವೈಯಕ್ತಿಕ ಪದಕಕ್ಕೆ 1996ರ ಲಿಯಾಂಡರ್ ಪೇಸ್‌ವರೆಗೆ, ಅಂದರೆ 44 ವರ್ಷ ಕಾದವರು ನಾವು. ಹಾಕಿಯನ್ನು ಬದಿಗಿಟ್ಟರೆ ಆ ದಶಕಗಳಲ್ಲಿ ಭಾರತವೂ ಹೆಚ್ಚಿನ ಅಂಕಣಗಳಲ್ಲಿ ಹಾಜರಿ ಹಾಕಿ ಬರುತ್ತಿದ್ದ ದೇಶವೇ. ಪ್ಯಾರಿಸ್‌ಗೆ ನಮ್ಮವರು 117 ಮಂದಿ ಹೋಗಿದ್ದರು, ಆರು ಪದಕ ಬಂದವು, ಚಿನ್ನ ಬರಲಿಲ್ಲ. ಕೆರಿಬಿಯನ್ನಿನ ಪುಟ್ಟ ದ್ವೀಪ ಸೇಂಟ್ ಲೂಸಿಯಾದ ಜೂಲಿಯನ್ ಆಲ್ಫ್ರೆಡ್ ಮಹಿಳೆಯರ ನೂರು ಮೀಟರ್ ಓಟವನ್ನು 10.72 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ಅದೇ ಸಂಜೆ ಜನಸಂಖ್ಯೆಯಲ್ಲಿ ಇನ್ನೂ ಚಿಕ್ಕದಾದ ಡೊಮಿನಿಕಾದ ಥಿಯಾ ಲಾಫಾಂಡ್ ತ್ರಿವಿಧ ಜಿಗಿತದಲ್ಲಿ ಚಿನ್ನ ಗೆದ್ದರು. ಇದನ್ನು ಹಿಡಿದು ತಲಾವಾರು ಪದಕದ ಲೆಕ್ಕ ತೆಗೆದು ನಮ್ಮ ಕ್ರೀಡಾಪಟುಗಳನ್ನು ಹೀಯಾಳಿಸುವ ಉತ್ಸಾಹ ನನಗಿಲ್ಲ. ಹಾಗೆ ನೋಡಿದರೆ ಆ ಇಬ್ಬರೂ ಪಳಗಿದ್ದು ಅಮೆರಿಕದ ಕಾಲೇಜುಗಳ ಅಂಕಣಗಳಲ್ಲಿ. ಪ್ರತಿಭೆ ದ್ವೀಪದಲ್ಲಿ ಹುಟ್ಟಬಹುದು. ಅದಕ್ಕೆ ಬೇಕಾದ ಗರಡಿ ದ್ವೀಪದಲ್ಲಿ ಇರಬೇಕೆಂದಿಲ್ಲ.

ಕಟೊಅಟಾವ್ ಅವರ ಕಥೆಯೂ ಇದೇ. ಅವರು ತರಬೇತಿ ಪಡೆದದ್ದು ತಮ್ಮ ದೇಶದಲ್ಲಲ್ಲ, ನ್ಯೂ ಕ್ಯಾಲೆಡೋನಿಯಾದಲ್ಲಿ. ಆಸ್ಟ್ರೇಲಿಯಾದ ಪಾಲ್ ಕಾಫಾ ಎಂಬ ತರಬೇತುದಾರ ಅಲ್ಲಿ ನಡೆಸುತ್ತಿದ್ದ ಸಂಸ್ಥೆಗೆ ಪೆಸಿಫಿಕ್‌ನ ಹಲವು ದ್ವೀಪಗಳಿಂದ ಯುವಕ ಯುವತಿಯರು ಬರುತ್ತಿದ್ದರು. ವೇಟ್‌ಲಿಫ್ಟಿಂಗ್ ಈ ದ್ವೀಪಗಳಿಗೆ ಒಗ್ಗಿದ್ದಕ್ಕೆ ಕಾರಣ ಸರಳ. ಓಟಕ್ಕೆ ಟ್ರ್ಯಾಕ್ ಬೇಕು, ಈಜಿಗೆ ಕೊಳ ಬೇಕು. ಭಾರ ಎತ್ತಲು ಒಂದು ಸರಳು, ಕೆಲವು ತಟ್ಟೆಗಳು, ಒಂದು ಮರದ ಹಲಗೆ ಇದ್ದರೆ ಆರಂಭಿಸಬಹುದು. ನೌರು ದ್ವೀಪದ ಮಾರ್ಕಸ್ ಸ್ಟೀಫನ್ 1990ರ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಎತ್ತಿ, ಮುಂದೆ 2007ರಲ್ಲಿ ಆ ದೇಶದ ಅಧ್ಯಕ್ಷರೇ ಆದರು. ನಮ್ಮ ಕುಂದಾಪುರ ಕಡೆಯ ಬಡ ಕುಟುಂಬದ ಗುರುರಾಜ ಪೂಜಾರಿ ಉಜಿರೆಯ ಕಾಲೇಜಿನಲ್ಲಿ ಇದೇ ಕ್ರೀಡೆಗೆ ಒಲಿದು 2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ಬೆಳ್ಳಿ ತಂದದ್ದನ್ನು ನೆನೆದರೆ ಈ ಮಾತು ಇನ್ನಷ್ಟು ಹತ್ತಿರವಾದೀತು. ಕಟೊಅಟಾವ್ 2014ರಲ್ಲಿ ಗ್ಲಾಸ್ಗೊದಲ್ಲಿ ಚಿನ್ನ ಗೆದ್ದರು. ಅದು ಕಾಮನ್‌ವೆಲ್ತ್ ಕೂಟದಲ್ಲಿ ಅವರ ದೇಶಕ್ಕೆ ದೊರೆತ ಮೊಟ್ಟಮೊದಲ ಪದಕ. ಕ್ರೀಡೆಯಿಂದ ಬಂದ ಹಣದಲ್ಲಿ ಕಟ್ಟಿಸಿದ ಮನೆ ಬಿರುಗಾಳಿಗೆ ಸಿಕ್ಕಿ ನಾಶವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. 2015ರಲ್ಲಿ ಜಗತ್ತಿಗೊಂದು ಬಹಿರಂಗ ಪತ್ರ ಬರೆದು ತಮ್ಮ ದ್ವೀಪಗಳ ಅಳಲನ್ನು ತೋಡಿಕೊಂಡರು. ಪತ್ರವನ್ನು ಓದಿದವರಿಗಿಂತ ಮರುವರ್ಷದ ಕುಣಿತವನ್ನು ನೋಡಿದವರು ಎಷ್ಟೋ ಪಟ್ಟು ಹೆಚ್ಚು.

ಈಗ ಆ ವೇದಿಕೆಯೇ ಕಿರಿದಾಗುತ್ತಿದೆ. ರಿಯೊದಲ್ಲಿ ವೇಟ್‌ಲಿಫ್ಟಿಂಗ್‌ಗೆ 260 ಸ್ಪರ್ಧಿಗಳಿಗೆ ಅವಕಾಶವಿತ್ತು. ಟೋಕಿಯೊದಲ್ಲಿ ಅದು 196ಕ್ಕೆ, ಪ್ಯಾರಿಸ್‌ನಲ್ಲಿ 120ಕ್ಕೆ ಇಳಿಯಿತು. ಕಾರಣ ಉದ್ದೀಪನ ಮದ್ದು. 2008 ಮತ್ತು 2012ರ ಕೂಟಗಳ ಮಾದರಿಗಳನ್ನು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಈ ಕ್ರೀಡೆಯ ಪದಕ ವಿಜೇತರು ಸಾಲುಸಾಲಾಗಿ ಸಿಕ್ಕಿಬಿದ್ದರು. ಎರಡು ಚಿನ್ನ ಗೆದ್ದಿದ್ದ ಕಜಕಸ್ತಾನದ ಇಲ್ಯಾ ಇಲ್ಯಿನ್ ಎರಡನ್ನೂ ಕಳೆದುಕೊಂಡರು. ರಿಯೊಗೆ ರಷ್ಯಾ ಮತ್ತು ಬಲ್ಗೇರಿಯಾದ ವೇಟ್‌ಲಿಫ್ಟಿಂಗ್ ತಂಡಗಳನ್ನು ಸೇರಿಸಲೇ ಇಲ್ಲ. ಶಿಕ್ಷೆಯೇನೋ ಸರಿಯೇ. ಆದರೆ ಆ ಬಳಿಕ ಒಟ್ಟು ಸ್ಥಾನಗಳಿಗೇ ಕತ್ತರಿ ಬಿದ್ದಾಗ ಅದರ ಪೆಟ್ಟು ತಿಂದವರಲ್ಲಿ, ಮದ್ದಿನ ಪ್ರಯೋಗಾಲಯ ಹಾಗಿರಲಿ ಒಳ್ಳೆಯ ವ್ಯಾಯಾಮಶಾಲೆಯನ್ನೂ ಕಾಣದ ದ್ವೀಪಗಳ ಹುಡುಗರೂ ಸೇರಿದರು. ಉಂಡವನೊಬ್ಬ, ಎಂಜಲು ಬಳಿದವನೊಬ್ಬ ಎಂಬಂತಾಯಿತು.

ಕಡಲಿನ ವಿಷಯಕ್ಕೂ ಈ ಮಾತು ಸಲ್ಲುತ್ತದೆ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಕಿರಿಬಾಸ್‌ನ ಪಾಲು ಲೆಕ್ಕಕ್ಕೇ ಸಿಗದಷ್ಟು. ಅದರ ಹವಳದ ದ್ವೀಪಗಳ ಹೆಚ್ಚಿನ ನೆಲ ಸಮುದ್ರ ಮಟ್ಟದಿಂದ ಎರಡು ಮೂರು ಮೀಟರ್ ಎತ್ತರದಲ್ಲಿದೆ. ಹಾಗೆಂದು 'ದ್ವೀಪಗಳು ಮುಳುಗುತ್ತಿವೆ' ಎಂಬ ಒಂದೇ ಸಾಲಿನಲ್ಲಿ ಇದನ್ನು ಮುಗಿಸುವುದು ತಪ್ಪು. ಮಧ್ಯ ಪೆಸಿಫಿಕ್‌ನ 27 ಹವಳದ ದ್ವೀಪಗಳ ಹಳೆಯ ಹಾಗೂ ಹೊಸ ಚಿತ್ರಗಳನ್ನು ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ ಹೆಚ್ಚಿನವು ಕುಗ್ಗಿಲ್ಲ, ಕೆಲವು ಹಿಗ್ಗಿವೆ ಎಂದು ತೋರಿಸಿತು. ಅಲೆಗಳು ಹವಳದ ಪುಡಿಯನ್ನು ತಂದು ಗುಡ್ಡೆ ಹಾಕುತ್ತವೆ, ದಡ ಜರುಗುತ್ತದೆ. ಆದರೆ ಭೂಪಟದಲ್ಲಿ ದ್ವೀಪ ಉಳಿಯುವುದಕ್ಕೂ ಅದರ ಮೇಲೆ ಮನುಷ್ಯರು ಬದುಕುವುದಕ್ಕೂ ವ್ಯತ್ಯಾಸವಿದೆ. ಆ ಜನ ನೆಚ್ಚಿಕೊಂಡಿರುವುದು ಮಳೆ ನೀರನ್ನು ಮತ್ತು ಹವಳದ ಅಡಿಯಲ್ಲಿ ತೆಳುವಾಗಿ ನಿಂತ ಸಿಹಿನೀರಿನ ಪದರವನ್ನು. ದೊಡ್ಡ ಭರತದ ದಿನ ಕಡಲು ಒಳನುಗ್ಗಿದರೆ ಬಾವಿ ಉಪ್ಪಾಗುತ್ತದೆ. 'ಬಾಬಾಯ್' ಎಂಬ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುವ ಗುಂಡಿಗಳು ಹಾಳಾಗುತ್ತವೆ. ಉಳ್ಳಾಲದ ಕಡಲ್ಕೊರೆತವನ್ನು ಪ್ರತಿ ಮಳೆಗಾಲದಲ್ಲಿ ಕಾಣುವ ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮನೆ ಕಳೆದುಕೊಂಡವರು ನಾಲ್ಕು ಮೈಲಿ ಒಳಕ್ಕೆ ಸರಿಯಬಹುದು. ತರಾವಾದಲ್ಲಿ ಒಳನಾಡು ಎಂಬುದೇ ಇಲ್ಲ; ಈ ಬದಿ ಬಿಟ್ಟರೆ ಆ ಬದಿಯ ನೀರು.

ನೆಲ ಬಿಟ್ಟು ಹೋಗುವ ಅನುಭವ ಆ ದೇಶಕ್ಕೆ ಹೊಸದೂ ಅಲ್ಲ. ಅದರ ಬನಾಬಾ ದ್ವೀಪವನ್ನು ರಂಜಕದ ಗೊಬ್ಬರಕ್ಕಾಗಿ 1900ರಿಂದ 1979ರವರೆಗೆ ಅಗೆದು ತೆಗೆಯಲಾಯಿತು. ಅಲ್ಲಿನ ಬಹುಪಾಲು ಜನರನ್ನು 1945ರಲ್ಲೇ ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಲಾಗಿತ್ತು. 2014ರಲ್ಲಿ ಅಂದಿನ ಅಧ್ಯಕ್ಷ ಅನೋಟೆ ಟಾಂಗ್ ಅವರ ಸರ್ಕಾರ ಫಿಜಿಯಲ್ಲಿ ಸುಮಾರು 20 ಚದರ ಕಿಲೊಮೀಟರ್ ಜಮೀನು ಕೊಂಡಿತು. 2016ರಲ್ಲಿ ಬಂದ ತನೇಟಿ ಮಾಮಾವ್ ಸರ್ಕಾರ ವಲಸೆಯ ಮಾತನ್ನು ಹಿಂದಕ್ಕೆ ಸರಿಸಿ, ಇದ್ದಲ್ಲಿಯೇ ಉಳಿಯುವ ದಾರಿಗಳತ್ತ ಒಲಿಯಿತು. ಇಬ್ಬರಲ್ಲಿ ಯಾರು ಸರಿ ಎಂದು ಬೆಂಗಳೂರಿನಲ್ಲಿ ಕುಳಿತು ತೀರ್ಪು ಕೊಡುವುದು ಉದ್ಧಟತನವಾದೀತು. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು, ಮತ್ತೊಂದು ದ್ವೀಪರಾಷ್ಟ್ರ ವನುವಾಟುವಿನ ಪ್ರಯತ್ನದಿಂದ ತನ್ನ ಮುಂದೆ ಬಂದ ಪ್ರಶ್ನೆಗೆ ಉತ್ತರಿಸುತ್ತ, ಒಮ್ಮೆ ಸ್ಥಾಪಿತವಾದ ರಾಷ್ಟ್ರವು ತನ್ನ ಅಂಗವೊಂದನ್ನು ಕಳೆದುಕೊಂಡ ಮಾತ್ರಕ್ಕೆ ರಾಷ್ಟ್ರತ್ವವನ್ನು ಕಳೆದುಕೊಳ್ಳಬೇಕಾಗಿಲ್ಲ ಎಂಬರ್ಥದ ಅಭಿಪ್ರಾಯ ನೀಡಿತು. ಅದು ಕಾನೂನಿನ ಮಾತು. ಮೂವರು ಒಂದು ಧ್ವಜದ ಹಿಂದೆ ನಡೆದು ಬರುವುದನ್ನು ನೂರಾರು ಕೋಟಿ ಜನ ನೋಡುವುದು ಕಾನೂನಿಗಿಂತ ಕಣ್ಣಿಗೆ ಹೆಚ್ಚು ನಾಟುವ ಸಾಕ್ಷಿ. ಹಾಗಾಗಿಯೇ ಆ ಮೂರು ಸ್ಥಾನಗಳನ್ನು ಕ್ರೀಡಾ ಧರ್ಮಾರ್ಥವೆಂದು ಬಗೆಯಲು ನಾನು ಒಪ್ಪುವುದಿಲ್ಲ.

ಭಾರತಕ್ಕೆ ಇದರಲ್ಲಿ ಪಾತ್ರವಿದೆ. 2003ರಲ್ಲಿ ದೆಹಲಿಯು 2010ರ ಕಾಮನ್‌ವೆಲ್ತ್ ಕೂಟವನ್ನು ಕೆನಡಾದ ಹ್ಯಾಮಿಲ್ಟನ್‌ನಿಂದ ಕಸಿದುಕೊಂಡದ್ದು 46-22 ಮತಗಳಿಂದ. ಮತದಾನಕ್ಕೆ ಮೊದಲು ನಾವು ಸದಸ್ಯ ದೇಶ, ಪ್ರದೇಶಗಳಿಗೆಲ್ಲ ತರಬೇತಿಯ ಹೆಸರಿನಲ್ಲಿ ತಲಾ ಒಂದು ಲಕ್ಷ ಡಾಲರ್ ಕೊಡುವ ಭರವಸೆ ನೀಡಿದ್ದೆವು. ಆ ಮತಪೆಟ್ಟಿಗೆಯಲ್ಲಿ ಕಿರಿಬಾಸ್‌ನ ಚೀಟಿಗೂ ಇಂಗ್ಲೆಂಡಿನ ಚೀಟಿಗೂ ತೂಕ ಒಂದೇ. ಮತ ಬೇಕಾದಾಗ ದ್ವೀಪಗಳನ್ನು ನೆನೆಯುವ ಚಾಳಿ ಎಲ್ಲ ಆತಿಥೇಯರಿಗೂ ಇದೆ, ನಮ್ಮೊಬ್ಬರದೇ ತಪ್ಪೆನ್ನಲಾಗದು. ಈಗ 2030ರ ಕೂಟ ಅಹಮದಾಬಾದಿಗೆ ದೊರೆತಿದೆ. ಆತಿಥ್ಯ ವಹಿಸಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಖರ್ಚಿಗೆ ಅಂಜಿ ಹಿಂದೆ ಸರಿದ ಮೇಲೆ 2026ರ ಕೂಟವನ್ನು ಗ್ಲಾಸ್ಗೊಗೆ ವಹಿಸಿ, ಹತ್ತೇ ಕ್ರೀಡೆಗಳಿಗೆ ಇಳಿಸಲಾಯಿತು. ಈ ಕೂಟವೇ ಸೊರಗಿದರೆ, ಪದಕದ ನಿಜವಾದ ಆಸೆ ಇಟ್ಟುಕೊಳ್ಳಬಹುದಾದ ಏಕೈಕ ದೊಡ್ಡ ಅಂಗಳ ಹಲವು ದ್ವೀಪಗಳಿಗೆ ಮುಚ್ಚಿದಂತೆಯೇ.

2014ರಲ್ಲಿ ಫಿಜಿಯಲ್ಲಿ ಚಾಲನೆ ಪಡೆದ, 14 ಪೆಸಿಫಿಕ್ ದ್ವೀಪ ದೇಶಗಳೊಡನೆ ನಮ್ಮ ಸರ್ಕಾರ ಕಟ್ಟಿಕೊಂಡಿರುವ ವೇದಿಕೆಯೊಂದಿದೆ. ವಿದೇಶಗಳ ಅಧಿಕಾರಿಗಳಿಗೆ, ತಂತ್ರಜ್ಞರಿಗೆ ಇಲ್ಲಿ ತರಬೇತಿ ನೀಡುವ ಯೋಜನೆ 1964ರಿಂದಲೂ ನಡೆದಿದೆ. ಆ ಪಟ್ಟಿಗೆ ಕ್ರೀಡಾಪಟುಗಳನ್ನೂ ಸೇರಿಸುವುದು ಕಷ್ಟದ ಕೆಲಸವಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ, ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕೆಲವು ಹಾಸಿಗೆ, ಊಟ, ಒಬ್ಬ ತರಬೇತುದಾರ, ಎರಡು ವರ್ಷ: ಉದ್ಘಾಟನಾ ಸಮಾರಂಭದ ಬಾಣಬಿರುಸಿನ ಖರ್ಚಿನ ಮುಂದೆ ಇದು ಯಾವ ಲೆಕ್ಕ? ಹಣ ಹಂಚುವುದಕ್ಕಿಂತ ಇದು ಮೇಲು, ಏಕೆಂದರೆ ಹಣ ಯಾವ ಕಚೇರಿಯಲ್ಲಿ ಇಂಗಿತೆಂದು ಯಾರೂ ಕೇಳುವುದಿಲ್ಲ. ಬಂದು ಉಳಿದ ಹುಡುಗ ಎಷ್ಟು ಕಿಲೊ ಎತ್ತಿದನೆಂಬುದು ಎಲ್ಲರಿಗೂ ಕಾಣುತ್ತದೆ. ಆಗ 2030ರಲ್ಲಿ ಕಡಲ ಮೇಲೆ ಸೂರ್ಯ ಉದಯಿಸುವ, ಅದರ ಮೇಲೆ ಹಕ್ಕಿಯೊಂದು ಹಾರುವ ಧ್ವಜ ಹಿಡಿದು ಆ ತಂಡ ಅಹಮದಾಬಾದಿನ ಕ್ರೀಡಾಂಗಣಕ್ಕೆ ಬರುವ ಹೊತ್ತಿಗೆ, ನಮ್ಮ ವೀಕ್ಷಕ ವಿವರಣೆಗಾರರಾದರೂ ಆ ದೇಶದ ಹೆಸರನ್ನು ಅಲ್ಲಿನವರು ಹೇಳುವಂತೆ ಹೇಳಲು ಕಲಿತಿರುತ್ತಾರೆ.