ಚಂದ್ರನ ಹೋರೆಯೋ, ಶನಿಯ ಹೋರೆಯೋ?



ಕಳೆದ ತಿಂಗಳ ಯುವಜನ ಕೂಟದಲ್ಲಿ ನಮ್ಮ ತಂಗಿಯೊಬ್ಬಳು ನಗುತ್ತಲೇ ಒಂದು ವಿಷಯ ಹೇಳಿದಳು. ನರ್ಸಿಂಗ್ ಮುಗಿಸಿ ವಿದೇಶದ ಕೆಲಸಕ್ಕೆ ಕಾಯುತ್ತಿರುವವಳು. ಲಂಡನ್ನಿನ ಜ್ಯೋತಿಷಿಯೊಬ್ಬರಿಗೆ ಮೊಬೈಲಿನಲ್ಲೇ ಹಣ ಕಟ್ಟಿ, ವೀಸಾ ಸಿಗುತ್ತದೆಯೇ ಎಂದು ಕೇಳಿದ್ದಳಂತೆ. "ಹೋರೆ ಹೊಂದುತ್ತಿಲ್ಲ, ಈ ಕುಂಡಲಿ ಸಿಂಧುವಲ್ಲ, ಸ್ವಲ್ಪ ದಿನ ಬಿಟ್ಟು ಕೇಳಿ" ಎಂಬ ಉತ್ತರ ಬಂತು. ಅಷ್ಟಕ್ಕೇ ಅವಳು ಅರ್ಜಿಯನ್ನೂ ನಿಲ್ಲಿಸಿಬಿಟ್ಟಿದ್ದಾಳೆ. ಕೂಟದಲ್ಲಿ ನಾವೂ ನಕ್ಕೆವು. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಇದು ಕ್ರೈಸ್ತರದ್ದೇ ವಿದ್ಯೆ ಎಂದೂ ಅವಳಿಗೆ ಹೇಳಿದ್ದರು. ಅದಕ್ಕೆ ಆಧಾರ, ವಿಲಿಯಂ ಲಿಲ್ಲಿ 1647ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ 'ಕ್ರಿಶ್ಚಿಯನ್ ಆಸ್ಟ್ರಾಲಜಿ'. ಹೆಸರೇನೋ ಹಾಗಿದೆ. ಸಾರಾಯಿ ಬಾಟಲಿಗೆ ಸಂತರ ಚಿತ್ರ ಅಂಟಿಸಿದರೆ ಒಳಗಿರುವುದು ತೀರ್ಥವಾಗುತ್ತದೆಯೇ?

ಆ ಪುಸ್ತಕದ ನಿಯಮ ನೋಡಿ. ಹಗಲಿಗೆ 12 ಹೋರೆ, ರಾತ್ರಿಗೆ 12. ಸೂರ್ಯೋದಯದ ಮೊದಲ ಹೋರೆಗೆ ಆ ವಾರದ ಗ್ರಹವೇ ಒಡೆಯ. ಆಮೇಲೆ ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ ಎಂಬ ಸರದಿ. ನಮ್ಮ ಪಂಚಾಂಗದ ಹೋರೆಯೂ ಇದೇ ಲೆಕ್ಕ. ಪ್ರಶ್ನೆ ಕೇಳಿದಾಗಿನ ಹೋರೆಗೂ, ಆಗ ಪೂರ್ವದಲ್ಲಿ ಉದಯಿಸುತ್ತಿರುವ ಲಗ್ನಕ್ಕೂ ಒಡೆಯ ಒಬ್ಬನೇ ಆದರೆ ಕುಂಡಲಿ ಸಿಂಧು. ಇಬ್ಬರಾದರೂ ಬೆಂಕಿ, ನೀರು ಎಂಬಂಥ ಒಂದೇ ರಾಶಿಗುಂಪಿಗೆ ಸೇರಿದರೆ ಸಾಕು. ಅದೂ ಇಲ್ಲವೇ, ಸ್ವಭಾವ ಒಂದೇ ಆದರೂ ನಡೆಯುತ್ತದೆ: ಮಂಗಳನ ಹೋರೆಯಲ್ಲಿ ಸಿಂಹ ಲಗ್ನ ಬಂದರೆ, ಮಂಗಳನೂ ಸೂರ್ಯನೂ ಬಿಸಿ, ಒಣ ಎಂದು ಒಪ್ಪಿಗೆ.

"ಗೊತ್ತಾಗದಿದ್ದರೆ ಗೊತ್ತಿಲ್ಲ ಅನ್ನುವುದು ಪ್ರಾಮಾಣಿಕತೆಯಲ್ಲವೇ?" ಎಂದು ಕೂಟದ ಅಣ್ಣನೊಬ್ಬ ಕೇಳಿದ. ಸರಿ, ಪರೀಕ್ಷಿಸೋಣ. ಡಿಸೆಂಬರ್ ಕೊನೆಯ ಒಂದು ಮಂಗಳವಾರ, ಕಾಸರಗೋಡಿನಲ್ಲಿ ಬೆಳಿಗ್ಗೆ 11.15. ಇಲ್ಲಿ ಹಗಲಿನ ಐದನೇ ಹೋರೆ, ಒಡೆಯ ಚಂದ್ರ. ಅದೇ ಕ್ಷಣ ಲಂಡನ್ನಿನಲ್ಲಿ 5.45, ಸೂರ್ಯ ಇನ್ನೂ ಹುಟ್ಟಿಲ್ಲ. ಹೋರೆಯ ಲೆಕ್ಕಕ್ಕೆ ಅಲ್ಲಿ ಇನ್ನೂ ಸೋಮವಾರದ ರಾತ್ರಿ, ಒಡೆಯ ಶನಿ. ಲಗ್ನವೂ ಬೇರೆ. ಕೇಳಿದವಳ ಊರು ಹಿಡಿಯಬೇಕೋ, ಜ್ಯೋತಿಷಿಯ ಊರೋ? ಮೆಸೇಜು ಕಳಿಸಿದ ಹೊತ್ತೋ, ಅವರು ಓದಿದ ಹೊತ್ತೋ? ಅವರವರಲ್ಲೇ ಒಮ್ಮತವಿಲ್ಲ, ಹೋರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರೂ ಇದ್ದಾರೆ. ರಕ್ತದ ಸ್ಯಾಂಪಲ್ ಕೆಟ್ಟಿದ್ದರೆ ಯಾವ ಲ್ಯಾಬಿಗೆ ಒಯ್ದರೂ ಕೆಟ್ಟಿದ್ದೇ. ನಮ್ಮ ತಂಗಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಇಲ್ಲಿ ಮಾತ್ರ, ಹೇಳಿದ್ದು ಫಲಿಸಿದರೆ ವಿದ್ಯೆಯ ಹೆಗ್ಗಳಿಕೆ, ಫಲಿಸದಿದ್ದರೆ ಕುಂಡಲಿಯೇ ಸಿಂಧುವಾಗಿರಲಿಲ್ಲ.

ಕಥೋಲಿಕ ಧರ್ಮೋಪದೇಶದ 2116ನೇ ಪರಿಚ್ಛೇದ ಜಾತಕ, ಜ್ಯೋತಿಷ್ಯಗಳನ್ನು ಹೆಸರು ಹಿಡಿದೇ ತಿರಸ್ಕರಿಸುತ್ತದೆ. ಸಂತ ಅಗಸ್ಟೀನರೂ ಯೌವನದಲ್ಲಿ ಜ್ಯೋತಿಷ್ಯಕ್ಕೆ ಮರುಳಾದವರೇ. ಒಂದೇ ಗಳಿಗೆಯಲ್ಲಿ ಹುಟ್ಟಿದ ಒಡೆಯನ ಮಗನೂ ದಾಸಿಯ ಮಗನೂ ಹೇಗೆ ಬೇರೆ ಬೇರೆ ಬಾಳು ಬಾಳಿದರೆಂದು ಗೆಳೆಯನಿಂದ ಕೇಳಿದ ಮೇಲೆ ಅವರ ಉಳಿದ ಸಂಶಯವೂ ಹೋಯಿತು.

ಆದರೆ ಬೈಗುಳವೆಲ್ಲ ಜ್ಯೋತಿಷಿಗೇ ಹೋಗುವುದು ಬೇಡ. ಅವಳು ಪ್ರತಿ ಭಾನುವಾರ ಬಲಿಪೂಜೆಗೆ ಬರುತ್ತಾಳೆ, ಗಾಯನ ತಂಡದಲ್ಲಿ ಹಾಡುತ್ತಾಳೆ. ಅರ್ಜಿ ಏನಾಯಿತು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ನಾವು ನಾಲ್ಕು ಮಂದಿ ಅವಳ ಜೊತೆ ಕೂತು ಅರ್ಜಿ ತುಂಬಿಸುತ್ತೇವೆ. ವಿದೇಶದಲ್ಲಿ ನರ್ಸಾಗಿದ್ದು ಊರಿಗೆ ಬಂದಿರುವ ಅಕ್ಕಂದಿರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ. ಯಾವ ಕಾಗದಕ್ಕೆ ಎಲ್ಲಿ ಸೀಲು ಬೇಕೆಂಬುದು ನಮಗೆ ಗೊತ್ತಿಲ್ಲ.