ಸ್ವಾಮಿಯ ಅಪ್ಪ ಕನ್ನಡ ಮಾತಾಡುವಷ್ಟರಲ್ಲಿ ಕಾರ್ನಾಡರಿರಲಿಲ್ಲ!

ಕನ್ನಡದ ಹುಡುಗರೇ, ಹುಡುಗಿಯರೇ, ಒಂದು ಸಣ್ಣ ಲೆಕ್ಕ ಮಾಡಿ. 'ಮಾಲ್ಗುಡಿ ಡೇಸ್' ಧಾರಾವಾಹಿ ದೂರದರ್ಶನದಲ್ಲಿ ಶುರುವಾದದ್ದು 1986ರಲ್ಲಿ. ಅದು ಕನ್ನಡಕ್ಕೆ ಡಬ್ ಆಗಿ ನಮ್ಮ ಮನೆಗಳಿಗೆ ಬಂದದ್ದು 2020ರಲ್ಲಿ, ಕೊರೋನಾ ಕಾಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ. ನಡುವೆ 34 ವರ್ಷ. ಆ ಧಾರಾವಾಹಿಯಲ್ಲಿ ಸ್ವಾಮಿಯ ಅಪ್ಪನಾಗಿದ್ದ ಗಿರೀಶ್ ಕಾರ್ನಾಡರು ತೀರಿಕೊಂಡದ್ದು 2019ರ ಜೂನ್ 10ರಂದು. ಅಂದರೆ ಸ್ವಾಮಿಯ ಅಪ್ಪ ಮಗನನ್ನು ಕನ್ನಡದಲ್ಲಿ ಗದರಿಸುವ ಹೊತ್ತಿಗೆ, ಗದರಿಸಬೇಕಾದ ಗಂಟಲು ಬೂದಿಯಾಗಿ ಹೋಗಿತ್ತು. ಇನ್ಯಾರದೋ ದನಿ ತಂದು ಕಾರ್ನಾಡರ ಬಾಯಿಗೆ ಅಂಟಿಸಿದರು.

ಸಿಟ್ಟು ಬರಬೇಕೋ ಬೇಡವೋ, ನೀವೇ ಹೇಳಿ.

ಯಾರು ಮಾಡಿದ್ದು ಆ ಧಾರಾವಾಹಿ? ನಿರ್ದೇಶಕ ನಮ್ಮ ಶಂಕರ್ ನಾಗ್. ಅಪ್ಪ ಕಾರ್ನಾಡರು, ಅಮ್ಮ ವೈಶಾಲಿ ಕಾಸರವಳ್ಳಿ, ಸ್ವಾಮಿ ಮಾಸ್ಟರ್ ಮಂಜುನಾಥ್. ಅನಂತ್ ನಾಗ್ ಇದ್ದರು. ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಹುಟ್ಟಿದವರು. ಕಥೆ ಬರೆದ ಆರ್.ಕೆ. ನಾರಾಯಣ್ ಮೈಸೂರಿನ ಯಾದವಗಿರಿಯಲ್ಲಿ ಮನೆ ಕಟ್ಟಿಕೊಂಡಿದ್ದವರು. ಊರು ಆಗುಂಬೆ, ಮನೆ ಅಲ್ಲಿನ ದೊಡ್ಡಮನೆ, ರೈಲು ನಿಂತದ್ದು ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ. ಸುರಿದ ಮಳೆ ಕೂಡ ಮಲೆನಾಡಿನದೇ! ಆದರೆ ಬಾಯಿ ಬಿಟ್ಟರೆ ಹಿಂದಿ. ಮೊದಲ ಕೆಲವು ಕಂತುಗಳು ಇಂಗ್ಲಿಷಿನಲ್ಲೂ ಆದವು. ನಾರಾಯಣ್ ಬರೆದದ್ದೇ ಇಂಗ್ಲಿಷಿನಲ್ಲಿ, ಹಾಗಾಗಿ ಇಂಗ್ಲಿಷಿಗೆ ಹಕ್ಕಿದೆ ಅನ್ನಿ. ಹಿಂದಿಗೆ ಯಾವ ಹಕ್ಕು ಸ್ವಾಮಿ?

ಅದು ದುಡ್ಡಿನ ಮತ್ತು ಹೊತ್ತಿನ ಹಕ್ಕು. 1982ರ ಆಗಸ್ಟ್ 15ರಿಂದ ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ರಾತ್ರಿ ಮನೆಮಂದಿಯೆಲ್ಲ ಊಟ ಮುಗಿಸಿ ಟಿವಿ ಮುಂದೆ ಕೂರುವ ಹೊತ್ತು ದಿಲ್ಲಿಯ ಪಾಲಾಯಿತು. ಬೆಂಗಳೂರು ಕೇಂದ್ರಕ್ಕೆ ಸಂಜೆಯ ಚೂರುಪಾರು. ಜಾಹೀರಾತಿನವರಿಗೆ ಇಡೀ ದೇಶ ಬೇಕು, ದೇಶ ಅಂದರೆ ದಿಲ್ಲಿಯವರ ಲೆಕ್ಕದಲ್ಲಿ ಹಿಂದಿ. ಶಂಕರ್ ನಾಗ್‌ರನ್ನು ಇದಕ್ಕೆ ಬೈದು ಪ್ರಯೋಜನವಿಲ್ಲ. ಆ ಹೊತ್ತು ಬೇಕಿದ್ದರೆ ಆ ಭಾಷೆಗೆ ತಲೆ ಬಾಗಬೇಕಿತ್ತು. ಕನ್ನಡಿಗನ ಪ್ರತಿಭೆ ಬೇಕು, ಕನ್ನಡಿಗನ ಊರು ಬೇಕು, ಕನ್ನಡ ಮಾತ್ರ ಬೇಡ! ಖಾಸಗಿ ವಾಹಿನಿ ಅಂತ ಉದಯ ಟಿವಿ ಬರಲು 1994 ಆಗಬೇಕಾಯಿತು.

ನಾನು ಆಗ ಚಡ್ಡಿ ಹಾಕುತ್ತಿದ್ದ ಹುಡುಗ. ನಮ್ಮ ಬೀದಿಗೆ ಒಂದೇ ಟಿವಿ, ಕಪ್ಪುಬಿಳುಪು. ಹೈಸ್ಕೂಲಿನಲ್ಲಿ ಹಿಂದಿ ಕಲಿಯುತ್ತಿದ್ದ ಒಬ್ಬಳು ಅಕ್ಕ ಪ್ರತಿ ಮಾತನ್ನೂ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ಅಷ್ಟರಲ್ಲಿ ಮುಂದಿನ ಮಾತು ಹೋಗಿರುತ್ತಿತ್ತು. ಆಗುಂಬೆಯ ಅಪ್ಪ ಮಗನಿಗೆ ಏನಂದ ಅಂತ ತಿಳಿಯಲು ಕರ್ನಾಟಕದ ಮಕ್ಕಳಿಗೆ ದುಭಾಷಿ! ಒಂದು ಕಂತಿನಲ್ಲಿ ಅಪ್ಪ ಸ್ವಾಮಿಗೆ, ಧೈರ್ಯವಿದ್ದರೆ ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಸವಾಲು ಹಾಕುತ್ತಾನೆ. ಅದಕ್ಕೆ ಮಾತ್ರ ಅಕ್ಕನ ಅನುವಾದ ಬೇಕಾಗಲಿಲ್ಲ. ಕಾರ್ನಾಡರ ಕಣ್ಣು ನೋಡಿಯೇ ನಮಗೂ ನಡುಕ. ಕೂಗಾಟವಿಲ್ಲ, ಕೈ ಎತ್ತುವುದಿಲ್ಲ. ಇವತ್ತಿನ ಧಾರಾವಾಹಿಗಳಲ್ಲಿ ಒಬ್ಬರು ಬಾಗಿಲು ತೆಗೆದರೆ ಮೂರು ಸಲ ಗುಡುಗು ಹೊಡೆಸುತ್ತಾರಲ್ಲ, ಅವರು ಒಂದು ಸಲ ಕೂತು ಇದನ್ನು ನೋಡಲಿ.

ಈಗ ಆ ಮನುಷ್ಯ ಯಾರು ಅಂತ ಕೇಳಿ. ಹುಟ್ಟಿದ್ದು 1938ರ ಮೇ 19, ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಮನೆಮಾತು ಕೊಂಕಣಿ. ಬೆಳೆದದ್ದು ಶಿರಸಿ, ಧಾರವಾಡ. ಹುಡುಗನಿಗೆ ಇಂಗ್ಲಿಷ್ ಕವಿಯಾಗುವ ಆಸೆ. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿಗೂ ಹೊರಟರು. ಆದರೆ ಆ ಹೊತ್ತಿನಲ್ಲೇ ನಾಟಕ ಬರೆಯಲು ಕೂತಾಗ ಕೈಯಿಂದ ಬಂದದ್ದು ಕನ್ನಡ! ಅದೇ 'ಯಯಾತಿ', 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. ಕನ್ನಡಿಗ ಅಂದರೆ ಮನೆಯಲ್ಲಿ ಕನ್ನಡ ಆಡುವವನು ಮಾತ್ರ ಎಂದು ಎದೆ ಸೆಟೆಸುವ ಕೆಲವರು ನಮ್ಮ ಸಂಘಗಳಲ್ಲೇ ಇದ್ದಾರೆ. ಅವರ ಲೆಕ್ಕದಲ್ಲಿ ಕಾರ್ನಾಡರೂ ಹೊರಗೆ, ಬೇಂದ್ರೆಯವರೂ ಹೊರಗೆ. ಉಳಿಯುವವರು ಯಾರು? ಬರೀ ಬಾವುಟ!

ನಟನಾಗಿ ಅವರ ದಾರಿ ಕನ್ನಡದಲ್ಲೇ ಶುರು. 1970ರ 'ಸಂಸ್ಕಾರ'ದ ಪ್ರಾಣೇಶಾಚಾರ್ಯ. ಮರುವರ್ಷ ಬಿ.ವಿ. ಕಾರಂತರ ಜೊತೆ 'ವಂಶವೃಕ್ಷ'ದ ನಿರ್ದೇಶನ. 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಮಾಡಿ, ಶಂಕರ್ ನಾಗ್ ಎಂಬ ಹುಡುಗನನ್ನು ನಾಯಕನನ್ನಾಗಿ ಮಾಡಿದರು. ಎಂಟು ವರ್ಷ ಕಳೆದ ಮೇಲೆ ಅದೇ ಹುಡುಗ ತನ್ನ ನಿರ್ದೇಶಕನನ್ನೇ ಕರೆದು ಸ್ವಾಮಿಯ ಅಪ್ಪನನ್ನಾಗಿ ಮಾಡಿದ. 1990ರ ದಶಕದ ಆರಂಭದಲ್ಲಿ 'ಟರ್ನಿಂಗ್ ಪಾಯಿಂಟ್' ಎಂಬ ವಿಜ್ಞಾನ ಕಾರ್ಯಕ್ರಮ ಬಂತು, ಅದನ್ನು ನಡೆಸಿಕೊಟ್ಟವರೂ ಕಾರ್ನಾಡರೇ. ಇಡೀ ದೇಶಕ್ಕೆ ಅದು ಪರಿಚಯದ ಮುಖ. ತಮಿಳಿನ 'ಕಾದಲನ್'ನಲ್ಲಿ ಖಳ, ಹಿಂದಿಯ 'ಇಕ್ಬಾಲ್'ನಲ್ಲಿ ಕೋಚು, ಕೊನೆಗೆ ಟೈಗರ್ ಚಿತ್ರಗಳ ಡಾಕ್ಟರ್ ಶೆಣೈ. ಹಿಂದಿಯಲ್ಲಿ ನಟಿಸಿದರು ನಿಜ, ಆದರೆ ತುಘಲಕ್, ಹಯವದನ, ನಾಗಮಂಡಲ, ತಲೆದಂಡ ಬರೆದದ್ದು ಕನ್ನಡದಲ್ಲಿ. 1998ರ ಜ್ಞಾನಪೀಠ ಬಂದದ್ದು ಡಾಕ್ಟರ್ ಶೆಣೈಗಲ್ಲ.

ಅವರು ತೀರಿಕೊಂಡ ದಿನ ನನ್ನ ಪ್ರೆಸ್ಸಿಗೆ ಮೂವರು ಹುಡುಗರು ಬಂದರು. ಶ್ರದ್ಧಾಂಜಲಿಯ ಫ್ಲೆಕ್ಸ್ ಆಗಬೇಕು. ಒಳ್ಳೆಯ ಹುಡುಗರು, ಕೈಯಿಂದ ದುಡ್ಡು ಹಾಕಿ ಮಾಡಿಸುತ್ತಿದ್ದರು. ತಂದಿದ್ದ ಫೋಟೋ ಟೈಗರ್ ಚಿತ್ರದ್ದು. 'ತುಘಲಕ್ ಹೆಸರು ಹಾಕಿಸ್ರಪ್ಪಾ' ಅಂದೆ. 'ಅದು ಹಿಂದಿ ನಾಟಕ ಅಲ್ವಾ ಅಣ್ಣಾ?' ಅಂದ ಒಬ್ಬ. 1964ರಲ್ಲಿ ಕನ್ನಡದಲ್ಲಿ ಬಂದ ನಾಟಕ ಅದು! ದಿಲ್ಲಿಯ ಪುರಾನಾ ಕಿಲಾದಲ್ಲಿ ಅಲ್ಕಾಜಿಯವರು ಆಡಿಸಿ ಹೆಸರು ಮಾಡಿಸಿದರು ಅಂದ ಮಾತ್ರಕ್ಕೆ ಅದರ ತಾಯಿ ಬದಲಾಗುತ್ತಾಳೆಯೇ? ಆ ಹುಡುಗನ ತಪ್ಪಲ್ಲ. ಕಾರ್ನಾಡರು ಅವನ ಮನೆಯ ಟಿವಿಗೆ ಬಂದದ್ದೇ ಹಿಂದಿಯ ಬಾಗಿಲಿನಿಂದ.

ದಿಲ್ಲಿಯನ್ನು ಬೈದಾಯಿತು. ಈಗ ನಮ್ಮವರ ಸರದಿ. ದಿಲ್ಲಿ ಕನ್ನಡ ಕೊಡಲಿಲ್ಲ, ಸರಿ. ನಾವೇ ಕನ್ನಡಕ್ಕೆ ತಂದುಕೊಳ್ಳಬಹುದಿತ್ತಲ್ಲ? ಕಾರ್ನಾಡರಿದ್ದರು, ವೈಶಾಲಿಯವರು 2010ರವರೆಗೂ ಇದ್ದರು, ಮಂಜುನಾಥ್ ಬೆಂಗಳೂರಿನಲ್ಲೇ ಇದ್ದರು. ಅವರವರ ಬಾಯಿಗೆ ಅವರವರ ಕನ್ನಡ! ಆದರೆ ಇಲ್ಲಿ ಡಬ್ಬಿಂಗ್ ಅಂದರೆ ಮಹಾಪಾಪ. 1960ರ ದಶಕದಲ್ಲಿ ಕನ್ನಡ ಚಿತ್ರ ಉಸಿರಾಡಲು ಆ ಬೇಲಿ ಬೇಕಿತ್ತು, ಒಪ್ಪೋಣ. ಗಿಡ ಮರವಾದ ಮೇಲೂ ಬೇಲಿ ತೆಗೆಯಲಿಲ್ಲ. 2015ರಲ್ಲಿ ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ವಾಣಿಜ್ಯ ಮಂಡಳಿಗೆ ದಂಡ ಹಾಕಬೇಕಾಯಿತು. ಅಷ್ಟು ವರ್ಷ ಆ ಬೇಲಿ ಯಾರನ್ನು ಕಾಯಿತು? ಹಿಂದಿಯೇನು ಒಳಗೆ ಬರಲಿಲ್ಲವೇ? ಬಂತು, ಹಿಂದಿಯಾಗಿಯೇ ಬಂತು, ನಡುಮನೆಯಲ್ಲಿ ಕಾಲು ಚಾಚಿ ಕೂತಿತು. ಬಾಗಿಲಲ್ಲಿ ನಿಂತದ್ದು ಕನ್ನಡ ಮಾತ್ರ. ಈ ಮಾತಿಗೆ ನನ್ನ ಗೆಳೆಯರಲ್ಲೇ ಕೆಲವರು ಮುನಿಸಿಕೊಳ್ಳುತ್ತಾರೆ, ಗೊತ್ತು. ಮುನಿಸಿಕೊಳ್ಳಲಿ.

'ಆ ಕಾರ್ನಾಡ್ ವಿಷಯ ಬಿಡ್ರೀ, ಕೆಂಪೇಗೌಡರ ವಿಮಾನ ನಿಲ್ದಾಣಕ್ಕೆ ಟಿಪ್ಪು ಹೆಸರು ಹೇಳಿದವರು' ಅನ್ನುವವರೂ ಇದ್ದಾರೆ. 2015ರ ನವೆಂಬರಿನಲ್ಲಿ ಹೇಳಿದ್ದು ಹೌದು. ನಮಗೆಲ್ಲ ಸಿಟ್ಟು ಬಂದದ್ದೂ ಹೌದು, ಅವರು ಕ್ಷಮೆ ಕೇಳಿದ್ದೂ ಹೌದು. 2018ರಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡೇ, ಕೊರಳಿಗೆ ಫಲಕ ತೂಗಿಕೊಂಡು ಗೌರಿ ಲಂಕೇಶ್ ಸ್ಮರಣೆಗೆ ಬಂದು ಕೂತರು. ಆ ರಾಜಕೀಯ ನಿಮಗೆ ಹಿಡಿಸಲಿ ಬಿಡಲಿ, ಎಂಬತ್ತರ ಮುದುಕನ ಆ ಗಟ್ಟಿತನ ನಮ್ಮ ಎಷ್ಟು ಜನ ನಟರಿಗಿದೆ? ಸತ್ತಾಗ ಸರ್ಕಾರಿ ಗೌರವ, ಮೆರವಣಿಗೆ ಯಾವುದೂ ಬೇಡ ಎಂದಿದ್ದರು. ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಸದ್ದಿಲ್ಲದೆ ಮುಗಿಯಿತು. ಅವರೊಂದಿಗೆ ಜಗಳವಾಡಿ, ಬೇಡ ಅನ್ನುವುದಿಲ್ಲ. ಆದರೆ ಜಗಳವನ್ನಾದರೂ ಅವರನ್ನು ಕನ್ನಡದಲ್ಲಿ ಓದಿ ಆಡಿ.

2020ರಲ್ಲಿ ರೈಲ್ವೆಯವರು ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದರು. ನೀವೂ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತೀರಿ, ತೆಗೆದುಕೊಳ್ಳಿ. ಆದರೆ ಅವತ್ತು ದೂರದರ್ಶನ ಮಾಡಿದ್ದನ್ನೇ ಇವತ್ತು ನಿಮ್ಮ ಮೊಬೈಲಿನೊಳಗಿನ ಕಂಪನಿಗಳು ಮಾಡುತ್ತಿವೆ. ಹೊಸ ಸರಣಿ ಬಂದರೆ ಭಾಷೆಯ ಪಟ್ಟಿಯಲ್ಲಿ ಹಿಂದಿ ಇರುತ್ತದೆ, ತಮಿಳು, ತೆಲುಗು ಇರುತ್ತವೆ, ಕನ್ನಡ ಎಷ್ಟೋ ಸಲ ಇರುವುದಿಲ್ಲ. ಇರುವಾಗಲೂ ನಿಮ್ಮ ಬೆರಳು ಹಿಂದಿಯ ಮೇಲೆ ಬೀಳುತ್ತದೆ. ಕಂಪನಿಯವನು ಆ ಬೆರಳುಗಳನ್ನು ಎಣಿಸುತ್ತಿರುತ್ತಾನೆ. ಕನ್ನಡ ಇದ್ದರೆ ಕನ್ನಡ ಒತ್ತಿ. ಇಲ್ಲದಿದ್ದರೆ ಏಕಿಲ್ಲ ಎಂದು ಬರೆದು ಕೇಳಿ, ಉತ್ತರ ಬರುವವರೆಗೆ ಕೇಳಿ. ನಟರು ಬದುಕಿರುವಾಗಲೇ ಕೇಳಿ!

ಕಾರ್ನಾಡರ ಸ್ವಂತ ಕನ್ನಡ ಬೇಕು ಅನ್ನುವವರು 1990ರ 'ಸಂತ ಶಿಶುನಾಳ ಶರೀಫ' ಹುಡುಕಿ ನೋಡಿ, ಗುರು ಗೋವಿಂದಭಟ್ಟರಾಗಿ ಅವರಿದ್ದಾರೆ. ಅವರ ಆತ್ಮಕತೆ 'ಆಡಾಡತ ಆಯುಷ್ಯ' 2011ರದು. ಅದನ್ನು ಹೊರತಂದದ್ದೂ ಧಾರವಾಡದ ಸುಭಾಷ್ ರಸ್ತೆಯ ಅಟ್ಟದ ಮೇಲಿರುವ ಅದೇ ಮನೋಹರ ಗ್ರಂಥಮಾಲೆ. ಇಂಗ್ಲಿಷ್ ಅನುವಾದವೂ ಬಂದಿದೆ, ಅಂಗಡಿಯವನು ಮೊದಲು ಅದನ್ನೇ ತೋರಿಸುತ್ತಾನೆ. ಕನ್ನಡದ್ದು ಕೊಡಪ್ಪಾ ಅನ್ನಿ.