ಪುಸ್ತಕ ಮುಚ್ಚಿದ ಮೇಲೆ

ಪುಸ್ತಕ ತೆರೆದಿದ್ದಾಗ ಎಲ್ಲವನ್ನೂ ಬಲ್ಲ, ಮುಚ್ಚಿದೊಡನೆ ಏನನ್ನೂ ಅರಿಯದ ವಿದ್ಯಾರ್ಥಿಗಳನ್ನು ಅಧ್ಯಾಪಕನಾದ ನಾನು ಬಹಳ ಮಂದಿ ಕಂಡಿದ್ದೇನೆ. ಯಂತ್ರಕ್ಕೂ ಇದೇ ರೋಗ ತಗುಲಬಹುದೆಂದು ತಿಳಿದಾಗ ಆಶ್ಚರ್ಯವಾಯಿತು. ನಿಜ ಹೇಳಬೇಕೆಂದರೆ, ತುಸು ಸಮಾಧಾನವೂ ಆಯಿತು.

ಮನಸ್ಸಿನ ಸಕಲ ವ್ಯಾಪಾರಗಳಿಗೂ ಗಣಕಯಂತ್ರದಲ್ಲಿ ಒಂದೇ ಕಟ್ಟಡವನ್ನು ಕಟ್ಟಬೇಕೆಂಬ ಹಂಬಲದಿಂದ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಅಲೆನ್ ನ್ಯೂವೆಲ್, ಜಾನ್ ಲೇರ್ಡ್, ಪಾಲ್ ರೋಸೆನ್‌ಬ್ಲೂಮ್ ಎಂಬ ಮೂವರು 1980ರ ದಶಕದ ಆರಂಭದಲ್ಲಿ ‘ಸೋರ್’ ಎಂಬುದನ್ನು ರಚಿಸಿದರು. (ಸೋರುವ ಮಡಕೆಗೂ ಈ ಹೆಸರಿಗೂ ಸಂಬಂಧವಿಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ ಗಗನಕ್ಕೇರುವುದೆಂದು ಅರ್ಥ.) ಮುಂದೇನೆಂದು ತೋಚದೆ ನಿಂತಾಗ ಅದು ತನ್ನ ತಿಳಿವಳಿಕೆಯನ್ನೇ ಕೆದಕಿ, ತೊಡಕನ್ನು ಬಿಡಿಸಿಕೊಂಡು, ದೊರೆತ ಫಲವನ್ನು ‘ಹೀಗಿದ್ದರೆ ಹೀಗೆ ಮಾಡು’ ಎಂಬ ಹೊಸ ನಿಯಮವಾಗಿ ಗಂಟು ಕಟ್ಟಿಡುತ್ತದೆ. ಮರುಸಲ ಅದೇ ಸಂದರ್ಭ ಬಂದರೆ ತಡವರಿಸುವುದಿಲ್ಲ.

ಇದನ್ನು ಹೊಸ ಜ್ಞಾನವೆನ್ನಲು ನನ್ನ ಮನಸ್ಸು ಒಪ್ಪದು. ಮನೆಯಲ್ಲಿದ್ದ ದವಸವನ್ನೇ ಬೀಸಿ ಹಿಟ್ಟು ಮಾಡಿದಂತಾಯಿತು; ಕಣಜಕ್ಕೆ ಹೊಸ ಕಾಳು ಬೀಳಲಿಲ್ಲ.

ಹೊರಗಿನ ಕಾಳು ಬರುವಾಗಲೇ ಕಷ್ಟ. ಒಂದು ವಸ್ತುವನ್ನು ತೋರಿಸಿ ‘ಇದರ ಹೆಸರು ಇಂಥದು’ ಎಂದು ಹೇಳಿಕೊಟ್ಟೆವೆನ್ನಿ. ನಿಯಮ ಕಟ್ಟುವಾಗ ಯಂತ್ರವು ತಾನು ಯಾವುದನ್ನೆಲ್ಲ ನೋಡಿ ಉತ್ತರಕ್ಕೆ ಬಂದಿತೋ ಅದೆಲ್ಲವನ್ನೂ ಷರತ್ತಾಗಿ ಸೇರಿಸುತ್ತದೆ. ಹೇಳಿಕೊಟ್ಟ ಹೆಸರೂ ಆ ಷರತ್ತುಗಳಲ್ಲಿ ಸೇರಿಕೊಂಡಿತು. ಹಾಗಾಗಿ ಹೆಸರು ಎದುರಿಗಿದ್ದರೆ ಮಾತ್ರ ಹೆಸರು ನೆನಪಾಗುತ್ತದೆ! ತೆರೆದ ಪುಸ್ತಕದ ನಮ್ಮ ಹುಡುಗನೇ ಅಲ್ಲವೆ?

ಇದಕ್ಕೆ ಆ ಮೂವರು 1987ರಲ್ಲಿ ಪ್ರಕಟಿಸಿದ ಪರಿಹಾರ ನನ್ನನ್ನು ಬಹುವಾಗಿ ಸೆಳೆಯಿತು. ಯಂತ್ರವು ತಾನು ಮೊದಲೇ ಬಲ್ಲ ತುಣುಕುಗಳನ್ನು ಜೋಡಿಸಿ ಹೆಸರನ್ನು ತಾನೇ ಕಟ್ಟಬೇಕು. ಹೇಳಿಕೊಟ್ಟದ್ದನ್ನು ಒರೆಗಲ್ಲಾಗಿ ಮಾತ್ರ ಬಳಸಬೇಕು. ಹಾಗೆ ಕಟ್ಟಿಕೊಂಡದ್ದು ಪುಸ್ತಕ ಮುಚ್ಚಿದ ಮೇಲೂ ಉಳಿಯುತ್ತದೆ.

ಮುಂದೆ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಲೇರ್ಡ್ ಮತ್ತು ಸಂಗಡಿಗರು ಸಂಗತಿಗಳಿಗೊಂದು, ಅನುಭವಗಳಿಗೊಂದು ಬೇರೆ ಉಗ್ರಾಣಗಳನ್ನೇ ಕಟ್ಟಿಕೊಟ್ಟರು. ಈಗ ಸಂಗತಿಯನ್ನು ನೇರವಾಗಿ ಅಲ್ಲಿ ತುಂಬಿಡಬಹುದು. ಅನುಕೂಲವೇನೋ ಹೌದು, ಆದರೂ ನನ್ನ ಒಲವು ಆ ಹಳೆಯ, ಪ್ರಯಾಸದ ದಾರಿಯ ಕಡೆಗೇ. ಉಗ್ರಾಣ ತುಂಬಿಸುವ ಕೆಲಸವನ್ನು ನಾನೂ ಇಪ್ಪತ್ತು ವರ್ಷ ಮಾಡಿದ್ದೇನೆ. ಟಿಪ್ಪಣಿ ಬರೆಸಿದ್ದೇನೆ, ಅದೇ ಟಿಪ್ಪಣಿಯನ್ನು ಉತ್ತರಪತ್ರಿಕೆಯಲ್ಲಿ ಓದಿ ಅಂಕ ಕೊಟ್ಟಿದ್ದೇನೆ. ಅದರಲ್ಲಿ ಹುಡುಗರದೆಷ್ಟು, ನನ್ನದೆಷ್ಟು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಕಳೆದ ವಾರ ಟಿಪ್ಪಣಿ ಬರೆಸಲಿಲ್ಲ. ಅರ್ಧ ಪಾಠ ಹೇಳಿ, ‘ಉಳಿದುದನ್ನು ನೀವೇ ಊಹಿಸಿ, ಸರಿಯೋ ತಪ್ಪೋ ಎಂಬುದಷ್ಟನ್ನೇ ನಾನು ಹೇಳುತ್ತೇನೆ’ ಎಂದು ಸುಮ್ಮನೆ ನಿಂತೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ‘ಸಾರ್, ಇದು ಪರೀಕ್ಷೆಗೆ ಬರುತ್ತದೆಯೆ?’ ಎಂದು ಕೇಳಿದ.